ಏಳರಲ್ಲಿ ನಾಲ್ಕು: ಎನ್‌ಬಿಎ ಪ್ಲೇಆಫ್ಸ್‌ನ ಲೆಕ್ಕ, ಮತ್ತು ಲೆಕ್ಕ ತಪ್ಪಿಸಿದ ಕೆಲವು ಕ್ಷಣಗಳು

ಮೇ 12, 2019. ಟೊರೊಂಟೊ ನಗರ. ನಮ್ಮಲ್ಲಿ ಆಗಲೇ 13ನೇ ತಾರೀಖಿನ ಬೆಳಗಾಗಿತ್ತು. ಗಡಿಯಾರದಲ್ಲಿ ಉಳಿದಿರೋದು 4.2 ಸೆಕೆಂಡು. ಟೊರೊಂಟೊ ರಾಪ್ಟರ್ಸ್ 90, ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ 90. ಸರಣಿ 3-3. ಇವತ್ತು ಸೋತವರು ಮನೆಗೆ.

ಕವೈ ಲೆನರ್ಡ್ ಚೆಂಡು ಹಿಡಿದು ಬಲಗಡೆ ಮೂಲೆಗೆ ಓಡಿದ. ಏಳಡಿ ಎತ್ತರದ ಜೋಯೆಲ್ ಎಂಬೀಡ್ ಕೈ ಚಾಚಿಕೊಂಡು ಬೆನ್ನು ಹತ್ತಿದ. ಆ ಕೈ ದಾಟಿಸೋಕೆ ಲೆನರ್ಡ್ ಚೆಂಡನ್ನು ತುಂಬಾ ಎತ್ತರಕ್ಕೆ ಎಸೆಯಬೇಕಾಯಿತು. ಚೆಂಡು ಗಾಳಿಯಲ್ಲಿರುವಾಗಲೇ ಬಜರ್ ಕೂಗಿತು. ಚೆಂಡು ರಿಂಗ್ ಮೇಲೆ ಒಂದು ಸಲ ಕುಟ್ಟಿತು. ಎರಡು. ಮೂರು. ನಾಲ್ಕನೇ ಸಲ ಕುಟ್ಟಿ, ಒಳಗೆ ಬಿತ್ತು. 92-90. ಎನ್‌ಬಿಎ ಇತಿಹಾಸದಲ್ಲಿ ಏಳನೇ ಪಂದ್ಯವೊಂದನ್ನು ಬಜರ್ ಜೊತೆಗೇ ಗೆಲ್ಲಿಸಿದ ಮೊದಲ ಶಾಟ್ ಅದು. ಎಂಬೀಡ್ ಅಳುತ್ತಾ ಒಳಗೆ ನಡೆದ. ರಾಪ್ಟರ್ಸ್ ಮುಂದೆ ಮಿಲ್ವಾಕೀಯನ್ನು, ಆಮೇಲೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು ಸೋಲಿಸಿ ಚಾಂಪಿಯನ್ ಆಯಿತು. ಅಮೆರಿಕದ ಹೊರಗಿನ ತಂಡವೊಂದು ಎನ್‌ಬಿಎ ಗೆದ್ದದ್ದು ಅದೇ ಮೊದಲು.

ಆ ಚೆಂಡು ನಾಲ್ಕನೇ ಸಲ ಹೊರಗೆ ಪುಟಿದಿದ್ರೆ? ಓವರ್‌ಟೈಮ್. ಅಲ್ಲಿ ಸೋತಿದ್ರೆ, ಅದೇ ತಂಡ, ಅದೇ ಆಟಗಾರರು, ಅದೇ ಪರಿಶ್ರಮ, ಆದರೆ ಪುಸ್ತಕದಲ್ಲಿ ಬರೆಯೋದು ಬೇರೆ. ಹಾಗಾದ್ರೆ ಈ ಪ್ಲೇಆಫ್ಸ್ ನಿಜಕ್ಕೂ ಒಳ್ಳೆಯ ತಂಡವನ್ನು ಆರಿಸುತ್ತಾ, ಅಥವಾ ಅದೃಷ್ಟವಂತ ತಂಡವನ್ನಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಗಣಿತದ ತರಗತಿಯಲ್ಲಿ ನಾವು ನಿದ್ದೆಗಣ್ಣಲ್ಲಿ ಬರೆದುಕೊಂಡ ಸಂಭವನೀಯತೆಯ ಪಾಠ ಸಾಕು. ಬನ್ನಿ, ನೋಡೋಣ.

ಮೊದಲು ವ್ಯವಸ್ಥೆ ಹೇಗಿದೆ?

ಎನ್‌ಬಿಎಯಲ್ಲಿ 30 ತಂಡಗಳು. ಪೂರ್ವ, ಪಶ್ಚಿಮ ಅಂತ ಎರಡು ಕಾನ್ಫರೆನ್ಸ್, ತಲಾ 15. ಪ್ರತಿ ತಂಡಕ್ಕೂ ಲೀಗ್ ಹಂತದಲ್ಲಿ 82 ಪಂದ್ಯ. ಪ್ರತಿ ಕಾನ್ಫರೆನ್ಸ್‌ನ ಮೊದಲ ಆರು ತಂಡಗಳಿಗೆ ಪ್ಲೇಆಫ್ಸ್‌ಗೆ ನೇರ ಪ್ರವೇಶ. 7ರಿಂದ 10ನೇ ಸ್ಥಾನದವರು 'ಪ್ಲೇ-ಇನ್' ಅನ್ನೋ ಚಿಕ್ಕ ಸುತ್ತಿನಲ್ಲಿ ಹೋರಾಡಿ ಉಳಿದ ಎರಡು ಜಾಗ ಹಿಡಿಯಬೇಕು. ಒಟ್ಟು 16 ತಂಡ, ನಾಲ್ಕು ಸುತ್ತು. ಪ್ರತಿ ಸುತ್ತೂ ಏಳು ಪಂದ್ಯಗಳ ಸರಣಿ; ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಅಂದ್ರೆ ಚಾಂಪಿಯನ್ ಆಗೋಕೆ 16 ಗೆಲುವು ಬೇಕು.

ತವರಿನ ಲಾಭಕ್ಕೂ ಒಂದು ಕ್ರಮ ಇದೆ. ಲೀಗ್‌ನಲ್ಲಿ ಮೇಲಿದ್ದ ತಂಡಕ್ಕೆ ಮೊದಲ ಎರಡು ಪಂದ್ಯ ತವರಲ್ಲಿ, ಮುಂದಿನ ಎರಡು ಎದುರಾಳಿಯ ಊರಲ್ಲಿ, ಆಮೇಲೆ ಒಂದೊಂದು ಪಂದ್ಯ ಅದಲುಬದಲು. ಏಳನೇ ಪಂದ್ಯ ಬಂದರೆ ಅದು ಮೇಲಿನ ತಂಡದ ತವರಲ್ಲೇ.

ಯಾಕೆ ಏಳು?

ಒಂದು ತಂಡ ಎದುರಾಳಿಯನ್ನು ಯಾವುದೇ ಒಂದು ಪಂದ್ಯದಲ್ಲಿ ಸೋಲಿಸುವ ಸಂಭವನೀಯತೆ 0.6 ಅಂತಿಟ್ಟುಕೊಳ್ಳಿ. ಪಂದ್ಯಗಳು ಒಂದಕ್ಕೊಂದು ಸಂಬಂಧ ಇಲ್ಲದ ಸ್ವತಂತ್ರ ಘಟನೆಗಳು ಅಂತಲೂ ಸದ್ಯಕ್ಕೆ ಒಪ್ಪಿಕೊಳ್ಳೋಣ. ಈಗ ಸರಣಿ ಗೆಲ್ಲೋಕೆ ನಾಲ್ಕು ದಾರಿ.

4-0: 0.6ರ ನಾಲ್ಕನೇ ಘಾತ, ಅಂದ್ರೆ 0.1296.
4-1: ಸೋಲುವ ಆ ಒಂದು ಪಂದ್ಯ ಮೊದಲ ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಆದ್ದರಿಂದ 4 × 0.1296 × 0.4 = 0.2074.
4-2: ಎರಡು ಸೋಲು ಮೊದಲ ಐದು ಪಂದ್ಯಗಳಲ್ಲಿ. ಅದಕ್ಕೆ 10 ವಿಧ. 10 × 0.1296 × 0.16 = 0.2074.
4-3: ಮೂರು ಸೋಲು ಮೊದಲ ಆರರಲ್ಲಿ. ಅದಕ್ಕೆ 20 ವಿಧ. 20 × 0.1296 × 0.064 = 0.1659.

ಕೊನೆಯ ಪಂದ್ಯ ಗೆಲುವೇ ಆಗಿರಬೇಕು ಅನ್ನೋದನ್ನು ಗಮನಿಸಿ. ಅದಕ್ಕೇ ಐದರ ಬದಲು ನಾಲ್ಕರಲ್ಲಿ, ಆರರ ಬದಲು ಐದರಲ್ಲಿ ಆಯ್ಕೆ ಮಾಡ್ತಿದ್ದೀವಿ. ಪರೀಕ್ಷೆಯಲ್ಲಿ ನಮ್ಮಲ್ಲಿ ಅರ್ಧ ಜನ ಮಾರ್ಕ್ಸ್ ಕಳೆದುಕೊಳ್ಳೋದು ಇಲ್ಲೇ. ನಾಲ್ಕನ್ನೂ ಕೂಡಿದರೆ ಸುಮಾರು 0.71.

ಹೋಲಿಸಿ ನೋಡಿ. ಒಂದೇ ಪಂದ್ಯವಾದರೆ ಬಲವಾದ ತಂಡ ಗೆಲ್ಲೋ ಸಾಧ್ಯತೆ ಶೇ 60. ಮೂರರಲ್ಲಿ ಎರಡು ಆದರೆ ಶೇ 64.8. ಐದರಲ್ಲಿ ಮೂರು ಆದರೆ ಶೇ 68.3. ಏಳರಲ್ಲಿ ನಾಲ್ಕು ಆದರೆ ಶೇ 71. ಪಂದ್ಯ ಹೆಚ್ಚಾದಷ್ಟೂ ಅದೃಷ್ಟದ ಪಾಲು ಕಡಿಮೆ. ಸೆನ್ಸರ್‌ನಿಂದ ಒಂದೇ ರೀಡಿಂಗ್ ತಗೊಳ್ಳದೆ ಏಳು ತಗೊಂಡು ಸರಾಸರಿ ಮಾಡ್ತೀವಲ್ಲ, ಅದೇ ತತ್ವ.

ಆದರೆ ಅದೃಷ್ಟ ಪೂರ್ತಿ ಹೋಗಲ್ಲ. ಪ್ರತಿ ಸುತ್ತಿನಲ್ಲೂ ಶೇ 71 ಇದ್ದರೂ ನಾಲ್ಕು ಸುತ್ತು ದಾಟೋ ಸಾಧ್ಯತೆ 0.71ರ ನಾಲ್ಕನೇ ಘಾತ, ಅಂದ್ರೆ ಹತ್ತಿರ ಹತ್ತಿರ ಶೇ 25. ಎಲ್ಲರಿಗಿಂತ ಸ್ಪಷ್ಟವಾಗಿ ಬಲವಾಗಿರೋ ತಂಡವೂ ನಾಲ್ಕು ವರ್ಷದಲ್ಲಿ ಮೂರು ವರ್ಷ ಬರಿಗೈಯಲ್ಲಿ ಮನೆಗೆ ಹೋಗುತ್ತೆ!

3-1: ಲೆಕ್ಕ ಒಪ್ಪದ ನಂಬಿಕೆ

ಸರಣಿಯಲ್ಲಿ 3-1 ಹಿಂದಿರುವ ತಂಡ ಗೆಲ್ಲಬೇಕಂದ್ರೆ ಸತತ ಮೂರು ಗೆಲ್ಲಬೇಕು. ಎರಡೂ ತಂಡ ಸಮಬಲ ಅಂತ ನಾಣ್ಯ ಚಿಮ್ಮಿದರೆ ಅದು ಎಂಟಕ್ಕೆ ಒಂದು, ಶೇ 12.5. ತೀರಾ ಅಸಾಧ್ಯವೇನಲ್ಲ. ಆದರೆ 2016ರ ತನಕ ಫೈನಲ್ಸ್‌ನಲ್ಲಿ 32 ತಂಡಗಳು 3-1 ಹಿಂದೆ ಬಿದ್ದಿದ್ದವು. ಒಂದೂ ಗೆದ್ದಿರಲಿಲ್ಲ.

ಸಮಬಲದ ಲೆಕ್ಕ ಸರಿಯಾಗಿದ್ದರೆ 32ಕ್ಕೆ 32 ಸೋಲುವ ಸಂಭವನೀಯತೆ 7/8ರ 32ನೇ ಘಾತ, ಅಂದ್ರೆ ಶೇ 1.4 ಮಾತ್ರ. ಹಾಗಾಗಿ ನಮ್ಮ ಊಹೆಯನ್ನೇ ಅನುಮಾನಿಸಬೇಕು. 3-1 ಹಿಂದಿದೆ ಅನ್ನೋದೇ ಆ ತಂಡ ದುರ್ಬಲ ಅನ್ನೋದಕ್ಕೆ ಒಂದು ಸುಳಿವು ಅಲ್ವಾ? ಒಂದು ಪಂದ್ಯ ಗೆಲ್ಲುವ ಸಾಧ್ಯತೆಯನ್ನು 0.4ಕ್ಕೆ ಇಳಿಸಿದರೆ ಸತತ ಮೂರು ಗೆಲ್ಲೋದು ಶೇ 6.4. ಆಗ 32 ತಂಡವೂ ಸೋಲೋದು ಶೇ 12ರಷ್ಟು ಸಾಧ್ಯ, ನಂಬಬಹುದಾದ ಸಂಖ್ಯೆ. ಹೈಪಾಥಿಸಿಸ್ ಟೆಸ್ಟಿಂಗ್ ಅಂದ್ರೆ ಇಷ್ಟೇ.

33ನೇ ತಂಡ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್. ಎದುರಿಗಿದ್ದದ್ದು ಲೀಗ್‌ನಲ್ಲಿ 73 ಗೆದ್ದು ಬರೀ 9 ಸೋತು ದಾಖಲೆ ಬರೆದಿದ್ದ ವಾರಿಯರ್ಸ್. ಐದನೇ ಪಂದ್ಯಕ್ಕೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಅಮಾನತಾದ; ಕ್ಯಾವಲಿಯರ್ಸ್ ಅದನ್ನು ಗೆದ್ದಿತು, ಆರನೆಯದನ್ನೂ ಗೆದ್ದಿತು. ಜೂನ್ 19, 2016, ಓಕ್‌ಲ್ಯಾಂಡ್, ಏಳನೇ ಪಂದ್ಯ. 89-89. ಎರಡು ನಿಮಿಷವೂ ಉಳಿದಿಲ್ಲ. ಆಂಡ್ರೆ ಇಗ್ವಾಡಾಲ ಸುಲಭದ ಲೇಅಪ್‌ಗೆ ಏರಿದ. ಹಿಂದಿನಿಂದ ಅಷ್ಟು ದೂರ ಓಡಿಬಂದ ಲೆಬ್ರಾನ್ ಜೇಮ್ಸ್ ಚೆಂಡನ್ನು ಬೋರ್ಡಿಗೆ ಬಡಿದ. ಆಮೇಲೆ 53 ಸೆಕೆಂಡು ಉಳಿದಿದ್ದಾಗ ಕೈರಿ ಅರ್ವಿಂಗ್ ಮೂರು ಪಾಯಿಂಟ್ ಹಾಕಿದ. 93-89. ಕ್ಲೀವ್‌ಲ್ಯಾಂಡ್ ನಗರಕ್ಕೆ ಯಾವುದೇ ದೊಡ್ಡ ಕ್ರೀಡೆಯಲ್ಲಿ 52 ವರ್ಷದ ಮೇಲೆ ಸಿಕ್ಕ ಪ್ರಶಸ್ತಿ. ಶೇ 6 ಅಂದ್ರೆ ಸೊನ್ನೆ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಸತತ 27 ಸಲ ತಪ್ಪಿದರೆ?

ಈಗ ಉಲ್ಟಾ ಕಥೆ. 2018, ಪಶ್ಚಿಮ ಕಾನ್ಫರೆನ್ಸ್ ಫೈನಲ್ಸ್. ಲೀಗ್‌ನಲ್ಲಿ 65 ಪಂದ್ಯ ಗೆದ್ದಿದ್ದ ಹ್ಯೂಸ್ಟನ್ ರಾಕೆಟ್ಸ್ ಸರಣಿಯಲ್ಲಿ 3-2 ಮುಂದಿತ್ತು. ಅಷ್ಟರಲ್ಲಿ ಕ್ರಿಸ್ ಪಾಲ್ ಗಾಯಗೊಂಡು ಹೊರಗುಳಿದ. ಏಳನೇ ಪಂದ್ಯದ ಅರ್ಧದಲ್ಲಿ ರಾಕೆಟ್ಸ್ 54-43 ಮುಂದೆ. ಅವರ ಆಟದ ಸಿದ್ಧಾಂತವೇ ಲೆಕ್ಕದ್ದು: ಎರಡು ಪಾಯಿಂಟ್‌ಗಿಂತ ಮೂರು ಪಾಯಿಂಟ್ ಶಾಟ್ ಲಾಭ, ಹಾಗಾಗಿ ದೂರದಿಂದ ಎಸೀತಾ ಇರಿ. ಎಸೆದರು. ಸತತ 27 ಮೂರು ಪಾಯಿಂಟ್ ಶಾಟ್ ತಪ್ಪಿದವು. ಕೊನೆಗೆ 44ರಲ್ಲಿ 7. ವಾರಿಯರ್ಸ್ 101-92ರಿಂದ ಗೆದ್ದಿತು.

ಸಾಮಾನ್ಯವಾಗಿ ನೂರಕ್ಕೆ 36 ಹಾಕುವ ತಂಡ ಸತತ 27 ತಪ್ಪಿಸೋ ಸಂಭವನೀಯತೆ 0.64ರ 27ನೇ ಘಾತ: ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಒಂದರ ಆಸುಪಾಸು. ಈ ಸಂಖ್ಯೆ ನೋಡಿ 'ಅಯ್ಯೋ ದುರಾದೃಷ್ಟ' ಅನ್ನೋ ಮೊದಲು ನಿಲ್ಲಿ. 'ಸ್ವತಂತ್ರ ಘಟನೆ' ಅಂತ ಮೊದಲೇ ಒಪ್ಪಿಕೊಂಡಿದ್ವಲ್ಲ, ಅದು ಇಲ್ಲಿ ಮುರಿದುಬೀಳುತ್ತೆ. ಕಾಲು ಸೋತಿರುತ್ತೆ, ಎದುರಾಳಿ ಒಳ್ಳೆ ಜಾಗ ಕೊಡಲ್ಲ, ಹತ್ತು ತಪ್ಪಿದ ಮೇಲೆ ಹನ್ನೊಂದನೆಯದನ್ನು ಎಸೆಯುವ ಕೈ ಮೊದಲಿನ ಕೈ ಆಗಿರಲ್ಲ. ಮಾದರಿ ಬೇರೆ, ಮನುಷ್ಯ ಬೇರೆ.

28 ಸೆಕೆಂಡು

ಜೂನ್ 18, 2013, ಮಯಾಮಿ. ಫೈನಲ್ಸ್‌ನ ಆರನೇ ಪಂದ್ಯ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಸರಣಿಯಲ್ಲಿ 3-2 ಮುಂದೆ. 28 ಸೆಕೆಂಡು ಇರುವಾಗ ಐದು ಪಾಯಿಂಟ್ ಮುಂದೆ. ಪ್ರಶಸ್ತಿ ಪ್ರದಾನಕ್ಕೆ ಅಂಕಣದ ಸುತ್ತ ಹಳದಿ ಹಗ್ಗ ಕಟ್ಟೋಕೆ ಸಿಬ್ಬಂದಿ ಬಂದಾಗಿತ್ತು. ಕೆಲವು ಪ್ರೇಕ್ಷಕರು ಎದ್ದು ಹೋಗಿದ್ದರು. ಲೆಬ್ರಾನ್ ಒಂದು ಮೂರು ಪಾಯಿಂಟ್ ಹಾಕಿದ. ಸ್ಪರ್ಸ್‌ನ 21 ವರ್ಷದ ಹುಡುಗನಿಗೆ ಎರಡು ಫ್ರೀ ಥ್ರೋ ಸಿಕ್ಕವು. ಒಂದು ಹಾಕಿದ, ಒಂದು ತಪ್ಪಿದ. 95-92. ಲೆಬ್ರಾನ್‌ನ ಮುಂದಿನ ಶಾಟ್ ತಪ್ಪಿತು. ಕ್ರಿಸ್ ಬಾಶ್ ರೀಬೌಂಡ್ ಹಿಡಿದು ಬಲ ಮೂಲೆಗೆ ಕೊಟ್ಟ. ಅಲ್ಲಿ 37 ವರ್ಷದ ರೇ ಆಲನ್ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಗೆರೆ ನೋಡದೆ, ಮೂರು ಪಾಯಿಂಟ್ ಎಸೆದ. 95-95, ಉಳಿದದ್ದು 5.2 ಸೆಕೆಂಡು. ಮಯಾಮಿ ಓವರ್‌ಟೈಮ್‌ನಲ್ಲಿ 103-100ರಿಂದ ಗೆದ್ದಿತು, ಏಳನೇ ಪಂದ್ಯವನ್ನೂ ಗೆದ್ದಿತು.

ಆಲನ್‌ನ ಆ ಹಿಂದಡಿ ಆಕಸ್ಮಿಕ ಅಲ್ಲ. ಮಿಲ್ವಾಕೀ ತಂಡದಲ್ಲಿ ಆಡುತ್ತಿದ್ದ ಕಾಲದಲ್ಲೇ ಅವನಿಗೊಂದು ಅಭ್ಯಾಸ ಇತ್ತು: ರಿಂಗ್ ಹತ್ತಿರ ನೆಲದ ಮೇಲೆ ಮಲಗೋದು, ಥಟ್ಟನೆ ಎದ್ದು ಹಿಂದಕ್ಕೆ ಹಿಂದಕ್ಕೆ ನಡೆದು ಮೂಲೆ ಸೇರೋದು, ಕಾಲು ನೋಡದೆ ಎಸೆಯೋದು. ಅಂಥ ಶಾಟ್ ಪಂದ್ಯದಲ್ಲಿ ಎಷ್ಟು ಸಲ ಬಂದೀತು? ಎಷ್ಟೋ ವರ್ಷ ತಯಾರಾದದ್ದು ಒಂದು ಸೆಕೆಂಡಿಗೆ.

ಇನ್ನು ಫ್ರೀ ಥ್ರೋ ತಪ್ಪಿದ ಹುಡುಗ? ಮುಂದಿನ ವರ್ಷ ಅದೇ ಎರಡು ತಂಡ ಮತ್ತೆ ಫೈನಲ್ಸ್‌ಗೆ ಬಂದವು. ಸ್ಪರ್ಸ್ 4-1ರಿಂದ ಗೆದ್ದಿತು. ಫೈನಲ್ಸ್‌ನ ಶ್ರೇಷ್ಠ ಆಟಗಾರ ಅವನೇ. ಹೆಸರು ಕವೈ ಲೆನರ್ಡ್. ಹೌದು, ಲೇಖನದ ಶುರುವಿನಲ್ಲಿ ಬಲ ಮೂಲೆಗೆ ಓಡಿದವನು.

ನಾಲ್ಕು ಫ್ರೀ ಥ್ರೋ

ಎಲ್ಲರಿಗೂ ಎರಡನೇ ಅವಕಾಶ ಹೀಗೆ ಸಿಗಲ್ಲ, ಅದನ್ನೂ ಹೇಳಿಬಿಡಬೇಕು. 1995ರ ಫೈನಲ್ಸ್, ಮೊದಲ ಪಂದ್ಯ. ಒರ್ಲಾಂಡೊ ಮ್ಯಾಜಿಕ್ ಮೂರು ಪಾಯಿಂಟ್ ಮುಂದೆ, ಸುಮಾರು ಹತ್ತು ಸೆಕೆಂಡು ಬಾಕಿ. ನಿಕ್ ಆಂಡರ್ಸನ್‌ಗೆ ಎರಡು ಫ್ರೀ ಥ್ರೋ. ಒಂದು ಹಾಕಿದ್ದರೂ ಪಂದ್ಯ ಮುಗಿದಂತೆ. ಎರಡೂ ತಪ್ಪಿದವು. ಚೆಂಡು ಮತ್ತೆ ಅವನ ಕೈಗೇ ಬಂತು, ಮತ್ತೆ ಫೌಲ್, ಮತ್ತೆ ಎರಡು. ಅವೂ ತಪ್ಪಿದವು. ಹ್ಯೂಸ್ಟನ್‌ನ ಕೆನ್ನಿ ಸ್ಮಿತ್ ಮೂರು ಪಾಯಿಂಟ್ ಹಾಕಿ ಸಮ ಮಾಡಿದ. ಓವರ್‌ಟೈಮ್‌ನಲ್ಲಿ ಹ್ಯೂಸ್ಟನ್ 120-118. ಸರಣಿ 4-0.

ಆ ಋತುವಿನಲ್ಲಿ ಆಂಡರ್ಸನ್ ನೂರಕ್ಕೆ 70ರಷ್ಟು ಫ್ರೀ ಥ್ರೋ ಹಾಕುತ್ತಿದ್ದ. ಅಂಥವನು ಸತತ ನಾಲ್ಕು ತಪ್ಪಿಸೋದು 0.3ರ ನಾಲ್ಕನೇ ಘಾತ, 123ಕ್ಕೆ ಒಂದು. ಲೀಗ್‌ನಲ್ಲಿ ವರ್ಷಕ್ಕೆ ಸಾವಿರಾರು ಫ್ರೀ ಥ್ರೋ ನಡೆಯುತ್ತವೆ. ಇದು ಯಾರಿಗಾದರೂ ಆಗುತ್ತಲೇ ಇರುತ್ತೆ. ಬೇರೆ ಯಾವುದೋ ಜನವರಿಯ ಪಂದ್ಯದಲ್ಲಿ ಆಗಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಆದರೆ ಎರಡು ವರ್ಷದ ನಂತರ, 1996-97ರಲ್ಲಿ, ಅವನ ಫ್ರೀ ಥ್ರೋ ನೂರಕ್ಕೆ 40ಕ್ಕೆ ಇಳಿದಿತ್ತು. ಕೈ ಅದೇ, ಗೆರೆಯ ದೂರ ಅದೇ, ರಿಂಗ್ ಎತ್ತರ ಅದೇ ಹತ್ತು ಅಡಿ. ಆ ರಾತ್ರಿ ತನ್ನೊಳಗೆ ಉಳಿದುಬಿಟ್ಟಿತ್ತು ಅಂತ ಆಮೇಲೆ ಅವನೇ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾನೆ. 123ಕ್ಕೆ ಒಂದರ ಘಟನೆಯನ್ನು ಅವನು 'ನಾನೇ ಇಷ್ಟು' ಅಂತ ಓದಿಕೊಂಡ. ಜಗತ್ತೂ ಹಾಗೇ ಓದಿತು.

ನಮ್ಮದು ಎಷ್ಟು ಪಂದ್ಯದ ಸರಣಿ?

ಇದನ್ನೆಲ್ಲ ಈ ಪತ್ರಿಕೆಗೆ ಯಾಕೆ ಬರೆದೆ ಅಂದ್ರೆ, ಪ್ಲೇಸ್‌ಮೆಂಟ್ ಸೀಸನ್ ಶುರುವಾಗಿದೆ. ಹಾಸ್ಟೆಲ್ ಕಾರಿಡಾರ್‌ನಲ್ಲಿ ಫೋನ್ ಹಿಡಿದು ಸುಮ್ಮನೆ ಕೂತವರನ್ನು ದಿನಾ ನೋಡ್ತಿದ್ದೀನಿ. ನಮ್ಮ ಸಿಇಟಿ ಒಂದೇ ಪಂದ್ಯವಾಗಿತ್ತು. ಒಂದು ಕಂಪನಿಯ ಇಂಟರ್‌ವ್ಯೂನೂ ಒಂದೇ ಪಂದ್ಯ. ಒಂದೇ ಪಂದ್ಯದಲ್ಲಿ 0.6ರ ತಂಡ ಹತ್ತರಲ್ಲಿ ನಾಲ್ಕು ಸಲ ಸೋಲುತ್ತೆ. ಅದು ಆ ತಂಡದ ತಪ್ಪಲ್ಲ, ಪರೀಕ್ಷೆಯ ಸ್ವಭಾವ. ಒಂದು ರೀಡಿಂಗ್ ನೋಡಿ ಸೆನ್ಸರ್ ಕೆಟ್ಟಿದೆ ಅಂತ ಯಾವ ಲ್ಯಾಬ್‌ನಲ್ಲೂ ಬರೆಯಲ್ಲ.

2023ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು, 58 ಪಂದ್ಯ ಗೆದ್ದಿದ್ದ ಮಿಲ್ವಾಕೀ ಬಕ್ಸ್ ಮೊದಲ ಸುತ್ತಿನಲ್ಲೇ ಎಂಟನೇ ಸ್ಥಾನದ ಮಯಾಮಿಗೆ 4-1ರಿಂದ ಸೋತಿತು. ಈ ಋತು ವೈಫಲ್ಯವೇ ಅಂತ ಪತ್ರಕರ್ತರೊಬ್ಬರು ಯಾನಿಸ್ ಆಂಟೆಟೊಕೂಂಪೊನನ್ನು ಕೇಳಿದರು. ನಿಮಗೆ ಪ್ರತಿ ವರ್ಷ ಬಡ್ತಿ ಸಿಗುತ್ತಾ ಅಂತ ಅವನು ತಿರುಗಿ ಕೇಳಿದ. ಮೈಕೆಲ್ ಜೋರ್ಡಾನ್ 15 ವರ್ಷ ಆಡಿ 6 ಸಲ ಗೆದ್ದ, ಹಾಗಾದ್ರೆ ಉಳಿದ 9 ವರ್ಷ ವೈಫಲ್ಯವಾ ಅಂತಲೂ ಕೇಳಿದ. ಇದು ಸೋತವನ ಸಮಾಧಾನದ ಮಾತು ಅಂತ ಕೆಲವರು ನಕ್ಕರು. ಮೇಲಿನ ಶೇ 25ರ ಲೆಕ್ಕ ಮಾಡಿದ ಮೇಲೆ ನನಗೆ ನಗು ಬರಲಿಲ್ಲ.

ಹಾಗಂತ ಎಲ್ಲಾ ಅದೃಷ್ಟ ಅಂತ ಸುಮ್ಮನೆ ಕೂರೋ ಹಾಗಿಲ್ಲ. 0.6 ಅನ್ನೋ ಸಂಖ್ಯೆ ಎಲ್ಲಿಂದ ಬರುತ್ತೆ? ಆಲನ್ ನೆಲದ ಮೇಲೆ ಮಲಗಿ ಏಳುತ್ತಿದ್ದನಲ್ಲ, ಅಲ್ಲಿಂದ. ಅದನ್ನು ಹೆಚ್ಚಿಸೋದು ನಮ್ಮ ಕೈಲಿದೆ. ಒಂದು ಪಂದ್ಯದ ಫಲಿತಾಂಶ ನಮ್ಮ ಕೈಲಿಲ್ಲ. ಎಷ್ಟು ಪಂದ್ಯ ಆಡ್ತೀವಿ ಅನ್ನೋದು ಬಹುಮಟ್ಟಿಗೆ ನಮ್ಮ ಕೈಲಿದೆ.

ಕೊನೆಗೊಂದು ಹೋಮ್‌ವರ್ಕ್. ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಬರೆದು ಏಳು ಪಂದ್ಯದ ಸರಣಿಯನ್ನು ಹತ್ತು ಸಾವಿರ ಸಲ ಆಡಿಸಿ. ತವರಲ್ಲಿ 0.65, ಹೊರಗೆ 0.5 ಇಟ್ಟು ನೋಡಿ. ಒಂದು ಸೋಲಿನ ನಂತರ ಗೆಲ್ಲುವ ಸಾಧ್ಯತೆ ಸ್ವಲ್ಪ ಇಳಿಯುವ ಹಾಗೆ ಮಾಡಿಯೂ ನೋಡಿ. ಉತ್ತರ ಎಷ್ಟು ಬದಲಾಗುತ್ತೆ ಅಂತ ಕಂಡಾಗ ಆಂಡರ್ಸನ್‌ನ ಕಥೆ ಇನ್ನೊಮ್ಮೆ ಓದಿ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಬಾಸ್ಕೆಟ್‌ಬಾಲ್ ಕೋರ್ಟಿಗೆ ಬನ್ನಿ. ಸಂಜೆ ಐದೂವರೆಗೆ ನಾವು ಅಲ್ಲಿರ್ತೀವಿ, ಒಬ್ಬರು ಯಾವಾಗಲೂ ಕಡಿಮೆ ಬೀಳ್ತಾರೆ.