ಯಾವ ಹೊಲ ಎಂದು ಹೇಳಬೇಕಾದವರು ಯಾರು?

ಅಂಕಿಅಂಶಗಳ ಒಡನಾಟದಲ್ಲಿ ನಾನು ಕಲಿತ ಮುಖ್ಯ ಪಾಠ ಸೂತ್ರಗಳಿಗೆ ಸಂಬಂಧಿಸಿದ್ದಲ್ಲ. ಸರಾಸರಿ, ವಿಚಲನೆ ಎಲ್ಲ ಆಮೇಲಿನ ಮಾತು. ಯಾವುದನ್ನು ಅಳೆಯಬೇಕು ಎಂದು ಆರಿಸುವ ಹಕ್ಕನ್ನು ಅಳೆಯುವವರು ಬಿಟ್ಟುಕೊಟ್ಟರೇ ಇಲ್ಲವೇ ಎಂಬುದರಲ್ಲೇ ಲೆಕ್ಕದ ಹಣೆಬರಹ ಬಹುಪಾಲು ತೀರ್ಮಾನವಾಗಿರುತ್ತದೆ. ಇಳುವರಿಯನ್ನು ಅಂದಾಜು ಮಾಡುವ ನಮ್ಮ ಬೆಳೆ ಕಟಾವು ಪ್ರಯೋಗವನ್ನೇ ನೋಡಿ. ಫಸಲ್ ಬಿಮಾ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗೆ ಮುಖ್ಯ ಬೆಳೆಯೊಂದಕ್ಕೆ ಕನಿಷ್ಠ 4 ಪ್ರಯೋಗ. ಸರ್ವೆ ನಂಬರನ್ನೂ ಹೊಲದೊಳಗೆ ಗೂಟ ಹೊಡೆಯುವ ಜಾಗವನ್ನೂ ಯಾದೃಚ್ಛಿಕ ಸಂಖ್ಯೆಗಳು ಸೂಚಿಸುತ್ತವೆ. ರಾಗಿ, ಭತ್ತವಾದರೆ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಕೊಯ್ದು, ಬಡಿದು, ತೂಗುತ್ತಾರೆ. ಇಡೀ ಪಂಚಾಯಿತಿಯ ವಿಮೆ ಪರಿಹಾರ ಮುಖ್ಯವಾಗಿ ನಿಂತಿರುವುದು ಈ ತೂಕಗಳ ಸರಾಸರಿಯ ಮೇಲೆ.

ಊರನ್ನು ಬಲ್ಲ ಹಿರಿಯರು ಸಾಧಾರಣ ಹೊಲವೊಂದನ್ನು ತೋರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಆಣೆವಾರಿ ಎಂಬ ಹಳೆಯ ಬೆಳೆ ಅಂದಾಜಿನ ಪದ್ಧತಿ ನಡೆದದ್ದು ಅಂಥ ಕಣ್ಣಂದಾಜಿನಲ್ಲೇ. ಆದರೆ ಅಂದಾಜಿಗೆ ಕಂದಾಯದ ರಿಯಾಯಿತಿ ತಳಕು ಹಾಕಿಕೊಂಡಾಗ ಪ್ರಾಮಾಣಿಕರ ಕಣ್ಣೂ ಒಂದು ಕಡೆಗೆ ವಾಲಬಹುದು. ಎರಡೂ ಕಡೆಗೆ ಆಗುವ ತಪ್ಪುಗಳು ಅಳತೆ ಹೆಚ್ಚಿದಂತೆ ಒಂದನ್ನೊಂದು ಸರಿದೂಗಿಸುತ್ತವೆ. ಒಂದೇ ಕಡೆ ವಾಲಿದ ತಪ್ಪು ಸಾವಿರ ಹೊಲ ಅಳೆದರೂ ಹಾಗೇ ಉಳಿಯುತ್ತದೆ.

ಹಾಗೆಂದು ಚೀಟಿ ಎತ್ತಿದೊಡನೆ ಕೆಲಸ ಮುಗಿಯಿತು ಎನ್ನಲಾರೆ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಬಂಗಾಳದ ಸಮೀಕ್ಷೆಗಳಲ್ಲಿ ಸಣ್ಣ ತಾಕುಗಳನ್ನು ಕೊಯ್ಯಿಸಿದಾಗ, 1940ರ ದಶಕದಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಎತ್ತಿದ ತಕರಾರು ಇಂದಿಗೂ ಓದತಕ್ಕದ್ದು: ತಾಕು ತೀರ ಚಿಕ್ಕದಾದರೆ ಇಳುವರಿ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅದಕ್ಕೆ ಕಾರಣ ಅಂಚು. ತಾಕಿನ ಗಡಿಯ ಹಗ್ಗಕ್ಕೆ ತಗುಲಿದ ಪೈರು ಒಳಗೋ ಹೊರಗೋ ಎಂಬ ಸಂಶಯ ಬಂದರೆ ಕುಡುಗೋಲು ಹಿಡಿದ ಕೈ ಅದನ್ನು ಒಳಗೇ ಸೇರಿಸಿಬಿಡುತ್ತದೆ. 1 ಚದರ ಮೀಟರಿನ ಚೌಕಕ್ಕೆ 4 ಮೀಟರ್ ಅಂಚು. 25 ಚದರ ಮೀಟರಿನದಕ್ಕೆ 20 ಮೀಟರ್, ಎಂದರೆ ಚದರ ಮೀಟರಿಗೆ 0.8 ಮಾತ್ರ. ತೂಕದ ತಪ್ಪೂ ಸಣ್ಣದಲ್ಲ. ನಮ್ಮ ತಾಕು ಹೆಕ್ಟೇರಿನ 400ನೇ ಒಂದು ಭಾಗ. ತಕ್ಕಡಿಯಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿನ ಲೆಕ್ಕದಲ್ಲಿ 40 ಕಿಲೋ ತಪ್ಪುತ್ತದೆ. ಕಾಳು ಸರಿಯಾಗಿ ಒಣಗದಿದ್ದರೂ ಅಷ್ಟೇ.

‘ನನ್ನ ಹೊಲಕ್ಕೆ ಕಾಲೇ ಇಡದೆ ನನ್ನ ನಷ್ಟ ಹೇಗೆ ಗೊತ್ತಾಯಿತು?’ ರೈತರ ಈ ಪ್ರಶ್ನೆ ನ್ಯಾಯವಾದದ್ದು. ಪಂಚಾಯಿತಿಯ ಸರಾಸರಿಗೆ ಒಬ್ಬರ ಹೊಲದ ಕಥೆ ತಿಳಿಯದು, ತಿಳಿಯುತ್ತದೆಂದು ಸಂಖ್ಯಾಶಾಸ್ತ್ರ ಮಾತು ಕೊಟ್ಟೂ ಇಲ್ಲ. ಆಲಿಕಲ್ಲು, ಭೂಕುಸಿತ, ಜಲಾವೃತದಂಥ ಸ್ಥಳೀಯ ನಷ್ಟಕ್ಕೆ ಹೊಲವನ್ನೇ ನೋಡಿ ಪರಿಹಾರ ಕೊಡುವ ಅವಕಾಶ ಯೋಜನೆಯಲ್ಲಿರುವುದು ಅದಕ್ಕೇ. ಆದರೆ ಊರಿಗೆಲ್ಲ ಬಂದ ಬರವನ್ನು ಅಳೆಯಲು ಸರಾಸರಿಯೇ ಬೇಕು. ಅದು ನಂಬಿಕೆಗೆ ಅರ್ಹವಾಗಬೇಕಾದರೆ, ಪಟ್ಟಿಯಲ್ಲಿ ಬಂದ ಹೊಲ ಆಗಲೇ ಕೊಯ್ಲಾಗಿದ್ದಾಗ ರಸ್ತೆ ಬದಿಯ ಹೊಲಕ್ಕೆ ಇಳಿಯಬಾರದು. ಬದಲಿ ಹೊಲವೂ ಮೊದಲೇ ಗೊತ್ತುಮಾಡಿದ ಕ್ರಮದಲ್ಲೇ ಸಿಗಬೇಕು. ತಕ್ಕಡಿ ಎತ್ತುವ ಹೊತ್ತಿಗೆ ಊರ ರೈತರು ಎದುರಿಗಿರಬೇಕು, ಬರೆದ ತೂಕ ಅಂದೇ ಪಂಚಾಯಿತಿಯ ಗೋಡೆಗೆ ಬೀಳಬೇಕು.