ಕಣ್ಣಿಗೆ ಕಾಣದ ಲೇಸರ್: ‘ಮನೆಯಲ್ಲೇ ಮಾಡಬಹುದಾ ಸಾರ್?’ ಎಂಬ ಪ್ರಶ್ನೆಗೆ ಎರಡು ಅವಧಿಯ ಪಾಠ

ತರಗತಿ: 10 | ವಿಷಯ: ವಿಜ್ಞಾನ (ಬೆಳಕು, ಮಾನವನ ಕಣ್ಣು) | ಅವಧಿ: 40 ನಿಮಿಷಗಳ ಎರಡು ತರಗತಿಗಳು

ಪಾಠದ ಅಗತ್ಯ

ಬೆಳಕಿನ ಘಟಕವನ್ನು ಬೋಧಿಸುವಾಗ ಲೇಸರ್ ಪಾಯಿಂಟರ್ ನಮಗೆ ಅನುಕೂಲದ ಉಪಕರಣ. ಪ್ರತಿಫಲನ, ವಕ್ರೀಭವನ ಎರಡನ್ನೂ ಅದರ ಒಂದು ಗೆರೆಯಲ್ಲಿ ತೋರಿಸಬಹುದು. ಅದೇ ಪಾಯಿಂಟರ್ ಜಾತ್ರೆಯ ಅಂಗಡಿಯಲ್ಲಿಯೂ ಸಿಗುತ್ತದೆ. ಹಳೆಯ ಸಿಡಿ ರೈಟರ್ ಬಿಚ್ಚಿ ಡಯೋಡ್ ತೆಗೆಯುವ ವಿಡಿಯೊಗಳನ್ನು ಮಕ್ಕಳು ನೋಡಿರುತ್ತಾರೆ. ಹಾಗಾಗಿ ‘ಇದನ್ನು ಮನೆಯಲ್ಲೇ ಮಾಡಬಹುದಾ ಸಾರ್?’ ಎಂಬ ಪ್ರಶ್ನೆ ಯಾವ ತರಗತಿಯಲ್ಲಿ ಬೇಕಾದರೂ ಬರಬಹುದು. ‘ಅದೆಲ್ಲ ಬೇಡ, ಕೂತ್ಕೋ’ ಎಂದರೆ ಮಗು ಕೂರುತ್ತದೆ, ಕುತೂಹಲ ಕೂರುವುದಿಲ್ಲ. ಕೇಳಿದ ಮಗು ಸಂಜೆ ಸ್ಕ್ರೂಡ್ರೈವರ್ ಹಿಡಿದರೆ ಅಪಾಯ ಅದರ ಕಣ್ಣಿಗೆ. ಆದ್ದರಿಂದ ಈ ಪ್ರಶ್ನೆಗೆ ವಿಜ್ಞಾನದ ಉತ್ತರವನ್ನೇ ಕೊಡಬೇಕು. ಅದಕ್ಕೆ ಬೇಕಾದ ಪೂರ್ವಜ್ಞಾನ 10ನೇ ತರಗತಿಯ ಪಠ್ಯದಲ್ಲಿದೆ.

ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು
1. ಅವಕೆಂಪು ಬೆಳಕಿನ ಇರುವಿಕೆಯನ್ನು ಮೊಬೈಲ್ ಕ್ಯಾಮೆರಾದಿಂದ ಪತ್ತೆಹಚ್ಚುವನು/ಳು.
2. ಲೇಸರ್‌ಗೆ ಬೇಕಾದ ಮೂರು ಭಾಗಗಳನ್ನು ಹೆಸರಿಸಿ, ಅವುಗಳ ಕೆಲಸವನ್ನು ವಿವರಿಸುವನು/ಳು.
3. ಕಾಣದ ಲೇಸರ್ ಕಾಣುವ ಲೇಸರ್‌ಗಿಂತ ಏಕೆ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಕಣ್ಣಿನ ರಚನೆಯಿಂದ ಕಾರಣ ಕೊಡುವನು/ಳು.

ಶಿಕ್ಷಕರಿಗೆ ವಿಷಯ ವಿಶ್ಲೇಷಣೆ

ಥಿಯೋಡೋರ್ ಮೈಮನ್ 1960ರ ಮೇ ತಿಂಗಳಲ್ಲಿ ಬೆಳಗಿಸಿದ ಮೊದಲ ಲೇಸರ್ ಮಾಣಿಕ್ಯದ ಹರಳಿನದು; ಅದರ ಬೆಳಕು ಕೆಂಪು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಅಲಿ ಜವಾನ್ ಮತ್ತು ಸಂಗಡಿಗರು ಮೊದಲ ಅನಿಲ ಲೇಸರ್ ನಡೆಸಿದರು. ಅದು 1.15 ಮೈಕ್ರೋಮೀಟರ್ ತರಂಗದೂರದ ಅವಕೆಂಪು ಬೆಳಕನ್ನು ಕೊಡುತ್ತಿತ್ತು. ಹೀಲಿಯಂ-ನಿಯಾನ್ ಲೇಸರ್‌ನ ಪರಿಚಿತ ಕೆಂಪು ಗೆರೆ ಬಂದದ್ದು 1962ರಲ್ಲಿ. ಅಂದರೆ ಲೇಸರ್ ಎಂದರೆ ಕೆಂಪು ಚುಕ್ಕೆ ಎಂಬ ಮಕ್ಕಳ ಕಲ್ಪನೆಯನ್ನು ತಿದ್ದಲು ಲೇಸರ್‌ನ ಇತಿಹಾಸವೇ ಸಾಕು.

1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿಯೇ ಕುಮಾರ್ ಪಟೇಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ರೂಪಿಸಿದರು. ಅವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. ಈ ಲೇಸರ್‌ನ ತರಂಗದೂರ 10.6 ಮೈಕ್ರೋಮೀಟರ್. ಊರಿನ ಅಂಗಡಿಯಲ್ಲಿ ಅಕ್ರಿಲಿಕ್ ನಾಮಫಲಕ, ಮದುವೆ ಪತ್ರಿಕೆ ಕತ್ತರಿಸುವ ಲೇಸರ್ ಯಂತ್ರಗಳಲ್ಲಿ ಬಹುಪಾಲು ಇದೇ ಇರುತ್ತದೆ. ಹವ್ಯಾಸಿಗಳು ಮನೆಯಲ್ಲಿ ಕಟ್ಟಿದ ಅವಕೆಂಪು ಲೇಸರ್‌ಗಳಲ್ಲಿಯೂ ಇದು ಪ್ರಸಿದ್ಧ. ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಹವ್ಯಾಸಿ ವಿಜ್ಞಾನಿ ಅಂಕಣ 1971ರಲ್ಲಿ, ಕ್ಯಾಲಿಫೋರ್ನಿಯಾದ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬ ಕಟ್ಟಿದ ಇಂಥ ಲೇಸರ್ ಅನ್ನು ವಿವರಿಸಿತ್ತು.

ಅದರ ಒಳಗಿನ ಕೆಲಸ ಹೀಗಿದೆ. ಗಾಜಿನ ಕೊಳವೆಯಲ್ಲಿ ಕಡಿಮೆ ಒತ್ತಡದ ಮೂರು ಅನಿಲಗಳು ಇರುತ್ತವೆ: ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ. ವಿದ್ಯುತ್ ಹರಿದಾಗ ನೈಟ್ರೋಜನ್ ಅಣು ಸುಮಾರು 0.29 ಎಲೆಕ್ಟ್ರಾನ್ ವೋಲ್ಟ್ ಕಂಪನ ಶಕ್ತಿ ಪಡೆಯುತ್ತದೆ. ಅದರ ಎರಡೂ ಪರಮಾಣುಗಳು ಒಂದೇ ಬಗೆಯವಾದ್ದರಿಂದ ಈ ಶಕ್ತಿಯನ್ನು ಬೆಳಕಾಗಿ ಬಿಡಲಾಗದೆ ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್‌ನ ಮೇಲಿನ ಶಕ್ತಿಮಟ್ಟವೂ ಸುಮಾರು 0.29 ಎಲೆಕ್ಟ್ರಾನ್ ವೋಲ್ಟ್. ಡಿಕ್ಕಿಯಾದಾಗ ಶಕ್ತಿ ಸಲೀಸಾಗಿ ಕೈ ಬದಲಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಕೆಳಮಟ್ಟಕ್ಕೆ ಇಳಿಯುವಾಗ ಸುಮಾರು 0.12 ಎಲೆಕ್ಟ್ರಾನ್ ವೋಲ್ಟಿನ ಫೋಟಾನ್ ಹೊರಬರುತ್ತದೆ. ಇದೇ 10.6 ಮೈಕ್ರೋಮೀಟರ್ ಬೆಳಕು. ಕೆಳಮಟ್ಟದಲ್ಲಿ ಅಣುಗಳು ಗುಂಪುಗೂಡದಂತೆ ಖಾಲಿ ಮಾಡಿ, ಶಾಖವನ್ನು ಕೊಳವೆಯ ಗೋಡೆಗೆ ಸಾಗಿಸುವುದು ಹೀಲಿಯಂನ ಕೆಲಸ.

ಮೊದಲ ಅವಧಿ

ಚಟುವಟಿಕೆ 1: ರಿಮೋಟ್ ಮತ್ತು ಕ್ಯಾಮೆರಾ

ಟಿವಿ ರಿಮೋಟಿನ ಮುಂತುದಿಯನ್ನು ಮಕ್ಕಳು ನೋಡಲಿ. ಗುಂಡಿ ಒತ್ತಿದರೂ ಏನೂ ಕಾಣದು. ಈಗ ಮೊಬೈಲಿನ ಮುಂಭಾಗದ ಕ್ಯಾಮೆರಾದಲ್ಲಿ ನೋಡಲಿ. ನಸು ನೇರಳೆ ಬಿಳುಪಿನ ಚುಕ್ಕೆ ಮಿನುಗುತ್ತದೆ. ರಿಮೋಟಿನ ಎಲ್‌ಇಡಿ ಹೊರಸೂಸುವುದು ಸಾಮಾನ್ಯವಾಗಿ 940 ನ್ಯಾನೋಮೀಟರ್ ಆಸುಪಾಸಿನ ಅವಕೆಂಪು. ಹಿಂಭಾಗದ ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಸೋಸುಗಾಜು ಬಲವಾಗಿದ್ದರೆ ಚುಕ್ಕೆ ಕಾಣದಿರಬಹುದು. ಹಿಂದಿನ ದಿನವೇ ಪರೀಕ್ಷಿಸಿಕೊಂಡು ಹೋಗಬೇಕು.

ಚಟುವಟಿಕೆ 2: ಕಪ್ಪು ಪಾನೀಯದ ಪರೀಕ್ಷೆ

ತೆಳುವಾದ ಪಾರದರ್ಶಕ ಬಾಟಲಿಯಲ್ಲಿ ಕೋಲಾ ತುಂಬಿ. ಅದರ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಬಹಳ ಮಂಕಾಗುತ್ತದೆ. ಟಾರ್ಚಿನ ಜಾಗದಲ್ಲಿ ರಿಮೋಟ್ ಹಿಡಿದು ಕ್ಯಾಮೆರಾದಲ್ಲಿ ನೋಡಿದರೆ ಚುಕ್ಕೆ ಕಾಣುತ್ತದೆ. ಕಣ್ಣಿಗೆ ಕಪ್ಪಾದದ್ದು ಅವಕೆಂಪಿಗೂ ಕಪ್ಪಾಗಿರಬೇಕೆಂದಿಲ್ಲ ಎಂಬ ತೀರ್ಮಾನವನ್ನು ಮಕ್ಕಳ ಬಾಯಿಂದಲೇ ಬರಿಸಬೇಕು. ತಕ್ಷಣ ಕೇಳಬೇಕಾದ ಪ್ರಶ್ನೆ: ‘ಹಾಗಾದರೆ ತಂಪು ಕನ್ನಡಕ ಹಾಕಿಕೊಂಡರೆ ಅವಕೆಂಪು ಲೇಸರ್‌ನಿಂದ ಕಣ್ಣು ಉಳಿಯುತ್ತದೆಯೇ?’ ಉತ್ತರ ಎರಡನೇ ಅವಧಿಗೆ ಉಳಿಯಲಿ.

ಚಟುವಟಿಕೆ 3: ಚೀಟಿ ಆಟ

ಹತ್ತು ಮಕ್ಕಳು ಒಂದು ಸಾಲು. ನಿಂತವರು ಶಕ್ತಿ ಪಡೆದ ಪರಮಾಣುಗಳು, ಕುಳಿತವರು ಶಕ್ತಿ ಇಲ್ಲದವು. ಚೀಟಿ ಎಂದರೆ ಫೋಟಾನ್. ನಿಯಮ ಎರಡೇ: ಚೀಟಿಗಳು ಬಂದಾಗ ನಿಂತವರು ತಮ್ಮದೊಂದು ಚೀಟಿ ಸೇರಿಸಿ ಕುಳಿತುಕೊಳ್ಳಬೇಕು, ಕುಳಿತವರು ಒಂದು ಚೀಟಿ ಇಟ್ಟುಕೊಂಡು ಎದ್ದು ನಿಲ್ಲಬೇಕು.

5 ಚೀಟಿಯಿಂದ ಆರಂಭಿಸಿ. ನಿಂತವರು, ಕುಳಿತವರು ಬೆರೆತಿರಲಿ.
– 3 ಜನ ನಿಂತು 7 ಜನ ಕುಳಿತಿದ್ದರೆ: 5 + 3 – 7 = 1
– 5 ಜನ ನಿಂತು 5 ಜನ ಕುಳಿತಿದ್ದರೆ: 5 + 5 – 5 = 5
– 8 ಜನ ನಿಂತು 2 ಜನ ಕುಳಿತಿದ್ದರೆ: 5 + 8 – 2 = 11

ನಿಂತವರು ಹೆಚ್ಚಿದ್ದರೆ ಮಾತ್ರ ಬೆಳಕು ಬೆಳೆಯುತ್ತದೆ. ಪ್ರಚೋದಿತ ಉತ್ಸರ್ಜನೆ, ಪಾಪ್ಯುಲೇಷನ್ ಇನ್ವರ್ಷನ್ ಎಂಬ ಹೆಸರುಗಳನ್ನು ಈ ಲೆಕ್ಕ ಬಂದ ಮೇಲೆ ಹೇಳಿದರೆ ಸಾಕು. ಈಗ ಆ 11 ಚೀಟಿಗಳನ್ನು ಅದೇ ಸಾಲಿನಲ್ಲಿ ಹಿಂದಕ್ಕೆ ಕಳಿಸಿ. ಮೊದಲು ನಿಂತಿದ್ದ 8 ಜನ ಈಗ ಕುಳಿತಿದ್ದಾರೆ: 11 + 2 – 8 = 5. ಗಳಿಸಿದ್ದೆಲ್ಲ ಹೋಯಿತು! ಕುಳಿತವರನ್ನು ಮತ್ತೆ ಮತ್ತೆ ಎಬ್ಬಿಸುವವರು ಬೇಕು ಎಂದು ಮಕ್ಕಳೇ ಹೇಳುತ್ತಾರೆ. ಅದೇ ಪಂಪಿಂಗ್. ಸಾಲಿನ ಎರಡು ತುದಿಯಲ್ಲಿ ಚೀಟಿಗಳನ್ನು ಹಿಂತಿರುಗಿಸುವವರು ದರ್ಪಣಗಳು. ಅವರಲ್ಲಿ ಒಬ್ಬರು ಸ್ವಲ್ಪ ಚೀಟಿಯನ್ನು ಹೊರಗೆ ಬಿಡುತ್ತಾರೆ. ಮಾಧ್ಯಮ, ಪಂಪ್, ದರ್ಪಣ ಜೋಡಿ: ಲೇಸರ್‌ನ ಮೂರು ಭಾಗಗಳೂ ಬಂದವು. ಸಮಯವಿದ್ದರೆ ಒಬ್ಬ ವಿದ್ಯಾರ್ಥಿಯನ್ನು ‘ನೈಟ್ರೋಜನ್’ ಮಾಡಿ ಎಬ್ಬಿಸುವ ಕೆಲಸ ಕೊಡಬಹುದು.

ಎರಡನೇ ಅವಧಿ

ಕಣ್ಣಿನ ಲೆಕ್ಕ

ಕಪ್ಪುಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು ಒಂದು ಲೆಕ್ಕ ಕೊಡಿ. ಕತ್ತಲಲ್ಲಿ ಅರಳಿದ ಪಾಪೆಯ ವ್ಯಾಸ 7 ಮಿ.ಮೀ. ಮಸೂರ ಆ ಬೆಳಕನ್ನು ರೆಟಿನಾದ ಮೇಲೆ 0.02 ಮಿ.ಮೀ. ಚುಕ್ಕೆಯಾಗಿ ಕೂಡಿಸಿದರೆ ವ್ಯಾಸ 350 ಪಟ್ಟು ಕುಗ್ಗಿತು. ವಿಸ್ತೀರ್ಣ 350 × 350 = 1,22,500 ಪಟ್ಟು ಕುಗ್ಗಿತು; ತೀವ್ರತೆ ಅಷ್ಟೇ ಪಟ್ಟು ಏರಿತು. ಭೂತಗನ್ನಡಿಯಿಂದ ಕಾಗದ ಸುಟ್ಟ ಮಕ್ಕಳಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಸುಮಾರು 400ರಿಂದ 1400 ನ್ಯಾನೋಮೀಟರ್‌ವರೆಗಿನ ಬೆಳಕು ರೆಟಿನಾ ತಲುಪುತ್ತದೆ. ನಮಗೆ ಕಾಣುವುದು ಸುಮಾರು 700ರವರೆಗೆ ಮಾತ್ರ. ನಡುವಿನ ಭಾಗವೇ ಕಳ್ಳದಾರಿ. ಪ್ರಖರ ಬೆಳಕು ಬಿದ್ದಾಗ ರೆಪ್ಪೆ ಕಾಲು ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ರೆಟಿನಾದಲ್ಲಿ ನೋವಿನ ನರಗಳಿಲ್ಲ. ಸುಟ್ಟದ್ದು ಆಗ ತಿಳಿಯದೆ ಹೋಗಬಹುದು, ಸತ್ತ ಜೀವಕೋಶ ಮತ್ತೆ ಹುಟ್ಟುವುದೂ ಇಲ್ಲ. ಸಿಡಿ ರೈಟರ್‌ನ 780 ನ್ಯಾನೋಮೀಟರ್ ಡಯೋಡ್ ಇದಕ್ಕೆ ಉತ್ತಮ ಉದಾಹರಣೆ: ಕಣ್ಣಿಗೆ ಮಂಕು ಕೆಂಪಾಗಿ ಕಾಣುತ್ತದೆ, ಸಾಮರ್ಥ್ಯ ಮಾತ್ರ ನೂರು ಮಿಲಿವ್ಯಾಟ್ ದಾಟಬಲ್ಲದು. ಪಾಠಕ್ಕೆ ಬಳಸುವ ಪಾಯಿಂಟರ್ 1 ಮಿಲಿವ್ಯಾಟ್ ಇದ್ದರೆ ಸಾಕು.

10.6 ಮೈಕ್ರೋಮೀಟರ್ ಬೆಳಕಿನ ಕಥೆ ಬೇರೆ. ನೀರು ಅದನ್ನು ಬೇಗ ಹೀರುವುದರಿಂದ ಅದು ರೆಟಿನಾ ತಲುಪದೆ ಕಾರ್ನಿಯಾವನ್ನೇ ಸುಡುತ್ತದೆ. ಸಾದಾ ಗಾಜು ಅದಕ್ಕೆ ಅಪಾರದರ್ಶಕ; ಹಾಗಾಗಿ ಅದರ ಕಿಟಕಿಗಳಿಗೆ ಜಿಂಕ್ ಸೆಲೆನೈಡ್‌ನಂಥ ವಸ್ತು ಬೇಕು. ಒಂದು ಲೇಸರ್‌ಗೆ ತಕ್ಕ ಕನ್ನಡಕ ಇನ್ನೊಂದಕ್ಕೆ ಆಗದು ಎಂಬುದಕ್ಕೆ ಕಾರಣ ಇಲ್ಲಿದೆ. ಹಿಂದಿನ ದಿನದ ತಂಪು ಕನ್ನಡಕದ ಪ್ರಶ್ನೆಗೂ ಉತ್ತರ ಸಿಕ್ಕಿತು.

ನೈಜ ಪ್ರಕರಣ

ಹಸಿರು ಪಾಯಿಂಟರ್‌ಗಳಲ್ಲಿ ಸಾಮಾನ್ಯ ಬಗೆಯೊಂದರ ಒಳಗೆ ಮೂರು ಹಂತಗಳಿವೆ. 808 ನ್ಯಾನೋಮೀಟರ್ ಡಯೋಡ್ ಒಂದು ಹರಳನ್ನು ಪಂಪ್ ಮಾಡುತ್ತದೆ. ಆ ಹರಳು 1064 ನ್ಯಾನೋಮೀಟರ್ ಬೆಳಕು ಕೊಡುತ್ತದೆ. ಇನ್ನೊಂದು ಹರಳು ಅದರ ಆವೃತ್ತಿಯನ್ನು ಇಮ್ಮಡಿಗೊಳಿಸಿ 532 ನ್ಯಾನೋಮೀಟರ್ ಹಸಿರು ಮಾಡುತ್ತದೆ. ಮೊದಲ ಎರಡೂ ಅವಕೆಂಪು. ಅವನ್ನು ತಡೆಯುವ ಸೋಸುಗಾಜು ಇಲ್ಲದಿದ್ದರೆ ಅವೂ ಹಸಿರಿನ ಜೊತೆ ಹೊರಬರುತ್ತವೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್‌ನ ಸಂಶೋಧಕರು ಅಗ್ಗದ ಹಸಿರು ಪಾಯಿಂಟರ್ ಒಂದನ್ನು ಅಳೆದರು. ಹಸಿರು ಮಂಕಾಗಿತ್ತು, ಕಾಣದ ಅವಕೆಂಪು ಸುಮಾರು 20 ಮಿಲಿವ್ಯಾಟ್ ಇತ್ತು. ಇದನ್ನು ಪತ್ತೆಹಚ್ಚಲು ಅವರು ಸೂಚಿಸಿದ ಮನೆಮಟ್ಟದ ವಿಧಾನದಲ್ಲಿ ಬೇಕಾದದ್ದು ವಿವರ್ತನೆಗೆ ಒಂದು ಸಿಡಿ, ಸೋಸುಗಾಜು ತೆಗೆದ ವೆಬ್‌ಕ್ಯಾಮ್, ಕ್ಯಾಮೆರಾ ಪರೀಕ್ಷಿಸಲು ಟಿವಿ ರಿಮೋಟ್. ಇವುಗಳಲ್ಲಿ ರಿಮೋಟ್ ಮತ್ತು ಕ್ಯಾಮೆರಾವನ್ನು ನಮ್ಮ ಮಕ್ಕಳು ಆಗಲೇ ಬಳಸಿದ್ದಾರೆ. ಲೇಸರ್ ಜೊತೆಗಿನ ಪರೀಕ್ಷೆಯನ್ನು ಮಾತ್ರ ತರಗತಿಯಲ್ಲಿ ಮಾಡದೆ ಚಿತ್ರ ಬರೆದು ವಿವರಿಸಬೇಕು.

ಪ್ರಶ್ನೆಗೆ ಉತ್ತರ

ಈಗ ‘ಮನೆಯಲ್ಲೇ ಮಾಡಬಹುದಾ?’ ಎಂಬುದನ್ನು ತರಗತಿಯ ಮುಂದಿಟ್ಟು ಮಕ್ಕಳಿಂದಲೇ ಎರಡು ಪಟ್ಟಿ ಮಾಡಿಸಿ. ‘ಸಾಧ್ಯ’ ಎನ್ನುವ ಪಟ್ಟಿಯಲ್ಲಿ 1971ರ ವಿದ್ಯಾರ್ಥಿ ಇರುತ್ತಾನೆ. ‘ಬೇಕಾದದ್ದು’ ಎನ್ನುವ ಪಟ್ಟಿಯಲ್ಲಿ ನಿರ್ವಾತ ಪಂಪ್, ಸಾವಿರಾರು ವೋಲ್ಟಿನ ಟ್ರಾನ್ಸ್‌ಫಾರ್ಮರ್, ತಕ್ಕ ಕನ್ನಡಕ, ಕಿರಣ ನಿಲ್ಲಿಸುವ ತಡೆ, ಬಲ್ಲವರ ಮೇಲ್ವಿಚಾರಣೆ ಇರುತ್ತವೆ. ಇಲ್ಲಿ ಬೆಳಕಿಗಿಂತ ಮೊದಲು ಜೀವ ತೆಗೆಯಬಲ್ಲದ್ದು ಆ ವಿದ್ಯುತ್. ‘ಸಾಧ್ಯ, ಆದರೆ ನಮ್ಮ ಮನೆಯಲ್ಲಿ ಇವು ಇಲ್ಲ’ ಎಂದು ಪಟ್ಟಿ ನೋಡಿ ಮಗುವೇ ಹೇಳಿದರೆ ಪಾಠ ತಲುಪಿದೆ. ಕಟ್ಟುವ ಆಸೆಗೂ ದಾರಿ ತೋರಿಸಬೇಕು: ರಿಮೋಟಿನ ಎಲ್‌ಇಡಿ ಮತ್ತು ಅವಕೆಂಪು ಸಂವೇದಕ ಬಳಸಿ ಬಾಗಿಲ ಕಾವಲು ಗಂಟೆಯನ್ನು 10ನೇ ತರಗತಿಯ ಮಗು ಸುರಕ್ಷಿತವಾಗಿ ಮಾಡಬಲ್ಲದು.

ಮೌಲ್ಯಮಾಪನ

1. ಚೀಟಿ ಆಟದಲ್ಲಿ 6 ಜನ ನಿಂತು 4 ಜನ ಕುಳಿತಿದ್ದಾರೆ. 5 ಚೀಟಿಯಿಂದ ಹೊರಟರೆ ಕೊನೆಗೆ ಎಷ್ಟು? (7)
2. ಪಾಪೆ 3 ಮಿ.ಮೀ. ಇದ್ದು ಚುಕ್ಕೆ 0.02 ಮಿ.ಮೀ. ಆದರೆ ತೀವ್ರತೆ ಎಷ್ಟು ಪಟ್ಟು ಏರುತ್ತದೆ? (22,500)
3. ಮಂಕಾಗಿ ಉರಿಯುವ ಹಸಿರು ಪಾಯಿಂಟರ್ ಸುರಕ್ಷಿತ ಎಂದು ಗೆಳೆಯ ಹೇಳುತ್ತಾನೆ. ಎರಡು ಕಾರಣ ಕೊಟ್ಟು ಉತ್ತರಿಸಿ.
4. ಕಾರ್ಬನ್ ಡೈಆಕ್ಸೈಡ್ ಲೇಸರ್‌ನಲ್ಲಿ ನೈಟ್ರೋಜನ್ ಇಲ್ಲದಿದ್ದರೆ ಏನಾಗಬಹುದು?

ಮೂರನೆಯ ಪ್ರಶ್ನೆಯ ಉತ್ತರವನ್ನು ಗಮನವಿಟ್ಟು ಓದಬೇಕು. ‘ಲೇಸರ್ ಅಪಾಯ’ ಎಂದಷ್ಟೇ ಬರೆದವರು ಎಚ್ಚರಿಕೆಯ ಮಾತನ್ನು ಬಾಯಿಪಾಠ ಮಾಡಿದ್ದಾರೆ. ಅವರಿಗೆ ಚಟುವಟಿಕೆ 2 ಮತ್ತು ಕಣ್ಣಿನ ಲೆಕ್ಕವನ್ನು ಪರಿಹಾರ ಬೋಧನೆಯಲ್ಲಿ ಮತ್ತೊಮ್ಮೆ ಮಾಡಿಸಬೇಕು.