ಬಿಸಿನೀರಿನ ಪಾತ್ರೆಗೆ ಮೂರು ಕಾವಲು

ಸ್ನಾನದ ಮನೆಯಲ್ಲಿ ಹಂಡೆಯಿದ್ದೆಡೆಗೆ ಈಗ ವಿದ್ಯುತ್ತಿನ ಗೀಸರ್ ಬಂದಿದೆ. ಹಂಡೆಯ ಬಾಯಿ ತೆರೆದುದು. ನೀರು ಕುದಿದರೆ ಹಬೆ ಹೊರಗೆ ಹೋಗುತ್ತದೆ. ಗೀಸರಿನ ಪಾತ್ರೆಯಾದರೋ ಮುಚ್ಚಿದುದು. ಆದುದರಿಂದ ಅದರ ಉಷ್ಣತೆಯನ್ನು ಹತೋಟಿಯಲ್ಲಿಡುವ ಅಂಗಗಳನ್ನು ಹೇಗೆ ಆರಿಸಬೇಕೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲು ಒಂದು ಲೆಕ್ಕ. 15 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್ಸಿನಿಂದ 60 ಡಿಗ್ರಿಗೆ ಏರಿಸಲು ಸುಮಾರು 2,200 ಕಿಲೋಜೂಲ್ ಶಕ್ತಿ ಬೇಕು. 2,000 ವ್ಯಾಟಿನ ಗೀಸರ್ ಇದನ್ನು ಸುಮಾರು 18 ನಿಮಿಷಗಳಲ್ಲಿ ಒದಗಿಸುತ್ತದೆ. ಆಗ ವಿದ್ಯುತ್ಪ್ರವಾಹ ನಿಲ್ಲದಿದ್ದರೆ, ಮತ್ತೆ 21 ನಿಮಿಷಗಳಲ್ಲಿ ನೀರು 100 ಡಿಗ್ರಿಯನ್ನು ಮುಟ್ಟುತ್ತದೆ. ಒತ್ತಡದಲ್ಲಿ ಸಿಲುಕಿದ ನೀರು ಅಲ್ಲಿಯೂ ಕುದಿಯದೆ ಇನ್ನೂ ಕಾಯುತ್ತದೆ. ಪಾತ್ರೆ ಬಿರಿದರೆ ಅದರ ಒಂದು ಭಾಗ ಕ್ಷಣಮಾತ್ರದಲ್ಲಿ ಹಬೆಯಾಗುತ್ತದೆ. 1 ಲೀಟರ್ ನೀರು ಹಬೆಯಾದಾಗ 1,600 ಲೀಟರಿನಷ್ಟು ಸ್ಥಳವನ್ನು ಬೇಡುವುದರಿಂದ ಅದು ಸಿಡಿಮದ್ದಿನಂತೆ ಸಿಡಿಯುತ್ತದೆ.

ಮೊದಲನೆಯ ಕಾವಲು ಥರ್ಮೋಸ್ಟಾಟ್. ಇದರ ಒಂದು ಬಗೆಯಲ್ಲಿ ಹಿತ್ತಾಳೆಯ ಕೊಳವೆಯೊಳಗೆ ಇನ್ವಾರ್ ಎಂಬ ಮಿಶ್ರಲೋಹದ ಸರಳಿರುತ್ತದೆ. ಕಾದಾಗ ಹಿತ್ತಾಳೆ ಹಿಗ್ಗುತ್ತದೆ. ಇನ್ವಾರ್ ಅತ್ಯಲ್ಪವಾಗಿ ಹಿಗ್ಗುತ್ತದೆ. ಈ ಅಂತರವೇ ಸ್ವಿಚ್ಚನ್ನು ಬಿಡಿಸುತ್ತದೆ. ಇನ್ವಾರನ್ನು ಕಂಡುಹಿಡಿದ ಷಾರ್ಲ್ ಎದುವಾರ್ ಗಿಯೋಮ್ ಅವರಿಗೆ 1920ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 2,000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್ ಬರುತ್ತದೆ. ಆದುದರಿಂದ 16 ಆಂಪಿಯರ್ ಎಂದು ಗುರುತಿಸಿದುದನ್ನೇ ಕೊಳ್ಳಬೇಕು. ಶಕ್ತಿ ಸಾಲದ ಸ್ವಿಚ್ಚಿನ ತುದಿಗಳು ಕಿಡಿಯಿಂದ ಕರಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಬಳಿಕ ಪ್ರವಾಹ ನಿಲ್ಲುವುದೇ ಇಲ್ಲ.

ಆಗ ಕಾಯುವುದು ಎರಡನೆಯ ಕಾವಲಾದ ಕಟ್‌ಔಟ್. ಇದು ಥರ್ಮೋಸ್ಟಾಟಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಪ್ರವಾಹವನ್ನು ಕಡಿಯುತ್ತದೆ. ಒಮ್ಮೆ ಕಡಿದ ಮೇಲೆ ತಾನಾಗಿ ಕೂಡಿಕೊಳ್ಳದೆ, ಕೈಯಿಂದ ಒತ್ತಿದರೆ ಮಾತ್ರ ಕೂಡುವಂತಹುದು ಉತ್ತಮ. ದೋಷವಿದೆಯೆಂದು ಅದು ನಮಗೆ ತಿಳಿಸುತ್ತದೆ.

ಮೂರನೆಯದು ಸೇಫ್ಟಿ ವಾಲ್ವ್. ವಿದ್ಯುತ್ತಿನ ಎರಡು ಕಾವಲುಗಳೂ ಸೋತರೆ ಇದು ಒತ್ತಡವನ್ನು ಹೊರಗೆ ಬಿಡುತ್ತದೆ.

ಪಾಲಕರು ಇಲ್ಲಿ ಎರಡು ತಪ್ಪುಗಳಿಗೆ ಎಡೆಗೊಡಬಾರದು. ಕಟ್‌ಔಟ್ ಪದೇ ಪದೇ ಕಡಿಯುತ್ತದೆಂದು ಅದನ್ನು ಬಿಟ್ಟು ತಂತಿಯನ್ನು ನೇರವಾಗಿ ಜೋಡಿಸುವುದು ಒಂದು. ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆಂದು ಅದರ ಬಾಯಿಯನ್ನು ಬಿಗಿಯುವುದು ಇನ್ನೊಂದು. ಕಾಯುವ ನೀರು ಹಿಗ್ಗುವುದರಿಂದ ಕೆಲವು ಹನಿಗಳು ಬೀಳುವುದು ಸಹಜ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಗೀಸರಿನ ಮೇಲೆ ಬರೆದ ವ್ಯಾಟುಗಳನ್ನು ನೋಡಿ, ಈ ಲೆಕ್ಕವನ್ನು ನೀವೇ ಮಾಡಿರಿ. ಬಿಡಿಭಾಗವನ್ನು ಬದಲಿಸುವ ದಿನ ಬಂದಾಗ ಆ ಅಂಕಿಯನ್ನು ಹಿರಿಯರಿಗೆ ತಿಳಿಸಿರಿ. ಒಳಗಿನ ತಂತಿಗಳನ್ನು ಮಾತ್ರ ಬಲ್ಲವರ ಕೈಗೇ ಬಿಡತಕ್ಕದ್ದು.